ಅಂಕೋರ್‌ಗೆ ಮೂರು ದಿನ: ಕಾಂಬೋಡಿಯಾ ಪ್ರವಾಸದ ಸಮಗ್ರ ಮಾರ್ಗದರ್ಶಿ

ಬ್ಯಾಂಕಾಕ್ ಅಥವಾ ವಿಯೆಟ್ನಾಂ ಪ್ರವಾಸದ ಕೊನೆಗೆ ಒಂದು ದಿನ ಸೇರಿಸಿಕೊಂಡು ಅಂಕೋರ್ ವಾಟ್ ನೋಡಿ ಬರುವುದು ಈಗ ವಾಡಿಕೆಯಾಗುತ್ತಿದೆ. ನಸುಕಿನಲ್ಲಿ ಎದ್ದು, ಕೊಳದ ದಡದಲ್ಲಿ ಜನಜಂಗುಳಿಯ ನಡುವೆ ನಿಂತು ಸೂರ್ಯೋದಯದ ಚಿತ್ರ ತೆಗೆದು, ಮಧ್ಯಾಹ್ನದೊಳಗೆ ಇನ್ನೆರಡು ದೇವಾಲಯಗಳನ್ನು ಮುಗಿಸಿ ವಿಮಾನ ಹತ್ತುವವರು ಅಂಕೋರ್ ಅನ್ನು ನೋಡಿದ್ದಾರೆ ಎಂದು ಹೇಳುವುದು ಕಷ್ಟ. ಮಹಾಭಾರತ, ರಾಮಾಯಣ, ಭಾಗವತದ ಕಥೆಗಳನ್ನು ಮನೆಯ ಹಿರಿಯರಿಂದಲೋ ಯಕ್ಷಗಾನದ ಬಯಲಾಟದಿಂದಲೋ ಗಮಕ ವಾಚನದಿಂದಲೋ ಕೇಳಿ ಬೆಳೆದವರಿಗೆ ಅಲ್ಲಿನ ಗೋಡೆಗಳ ಮೇಲಿರುವುದು ಬಹುಪಾಲು ಪರಿಚಿತ ಕಥೆಯೇ. ಜಗತ್ತಿನ ಹೆಚ್ಚಿನ ಪ್ರವಾಸಿಗರಿಗೆ ಇಲ್ಲದ ಈ ಅನುಕೂಲವನ್ನು ಒಂದೇ ದಿನದ ಓಟದಲ್ಲಿ ಕಳೆದುಕೊಳ್ಳಬಾರದು. ಅಂಕೋರ್ ಪ್ರದೇಶಕ್ಕೆ ಕನಿಷ್ಠ ಮೂರು ದಿನ ಮೀಸಲಿಡಿ, ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸಿಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ಈ ಮಾರ್ಗದರ್ಶಿಯನ್ನೂ ಅದೇ ಲೆಕ್ಕದಲ್ಲಿ ಬರೆದಿದ್ದೇನೆ.

ಹೊರಡುವ ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಒಂದು ಸಂಗತಿಯಿದೆ. ಅಂಕೋರ್ ವಾಟ್ ಅನ್ನು ಕಟ್ಟಿಸಿದ, ಕಾಂಬೋಡಿಯಾದ ಖಮೇರ್ ಜನಾಂಗದ ಅರಸ ಎರಡನೆಯ ಸೂರ್ಯವರ್ಮನೂ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದ ಹೊಯ್ಸಳ ವಿಷ್ಣುವರ್ಧನನೂ ಹನ್ನೆರಡನೆಯ ಶತಮಾನದ ಮೊದಲರ್ಧದ ಸಮಕಾಲೀನರು. ಇಬ್ಬರ ಮಹಾದೇವಾಲಯಗಳೂ ವಿಷ್ಣುವಿಗೆ ಮೀಸಲಾದವು. ಬೇಲೂರು, ಹಳೇಬೀಡುಗಳನ್ನು ಇನ್ನೂ ನಿಧಾನವಾಗಿ ನೋಡಿಲ್ಲದವರು ಕಾಂಬೋಡಿಯಾಕ್ಕೆ ಹೋಗುವ ಮುನ್ನ ಒಮ್ಮೆ ನೋಡಿ ಹೋದರೆ, ಒಂದೇ ಕಾಲದಲ್ಲಿ ಒಂದೇ ಕಥೆಗಳನ್ನು ಎರಡು ನಾಡಿನ ಶಿಲ್ಪಿಗಳು ಎಷ್ಟು ಬೇರೆಯಾಗಿ ಕಂಡರು ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಮೊದಲ ಹಂತ: ಯಾವಾಗ ಹೋಗುವುದು

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಮಳೆಯಿಲ್ಲದ, ತುಸು ತಂಪಾದ ಕಾಲ. ಹವೆ ಹಿತವಾಗಿರುತ್ತದೆ, ಆದರೆ ಜನಸಂದಣಿಯೂ ಹೋಟೆಲ್ ದರವೂ ಆಗಲೇ ಹೆಚ್ಚು. ಮಾರ್ಚ್‌ನಿಂದ ಮೇ ವರೆಗಿನ ಬಿಸಿಲು ಕಲಬುರಗಿ, ರಾಯಚೂರಿನ ಬೇಸಿಗೆಯನ್ನು ಬಲ್ಲವರಿಗೂ ಕಷ್ಟವೆನಿಸುತ್ತದೆ, ಏಕೆಂದರೆ ಅಲ್ಲಿ ಸೆಕೆಯೊಂದಿಗೆ ತೇವಾಂಶವೂ ಸೇರಿರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಮಳೆ ಜೋರು. ಹೀಗಿದ್ದರೂ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಒಂದೆರಡು ತಾಸು ಸುರಿದು ನಿಲ್ಲುವುದರಿಂದ, ಬೆಳಗಿನ ಹೊತ್ತನ್ನು ಚೆನ್ನಾಗಿ ಬಳಸಿಕೊಳ್ಳಬಲ್ಲವರಿಗೆ ಈ ಕಾಲ ತೀರಾ ಕೆಟ್ಟದ್ದೇನಲ್ಲ. ಕಂದಕಗಳು ತುಂಬಿರುತ್ತವೆ, ಕಲ್ಲಿನ ಮೇಲಿನ ಪಾಚಿ ಹಸಿರಾಗಿರುತ್ತದೆ, ಜನ ಕಡಿಮೆ ಇರುತ್ತಾರೆ. ಒಂದೇ ಒಂದು ತಿಂಗಳನ್ನು ಆರಿಸಿ ಎಂದರೆ ನಾನು ನವೆಂಬರ್ ಅನ್ನು ಸೂಚಿಸುತ್ತೇನೆ: ಮಳೆ ಮುಗಿದಿರುತ್ತದೆ, ನೀರು ಇನ್ನೂ ಇಳಿದಿರುವುದಿಲ್ಲ.

ದಿನ ಗೊತ್ತುಮಾಡುವ ಮುನ್ನ ಹಬ್ಬಗಳನ್ನೂ ನೋಡಿಕೊಳ್ಳಬೇಕು. ಏಪ್ರಿಲ್ ಮಧ್ಯದಲ್ಲಿ, ತುಳುನಾಡಿನ ಬಿಸು ಹಬ್ಬದ ಆಸುಪಾಸಿನಲ್ಲೇ, ಖಮೇರ್ ಹೊಸ ವರ್ಷ ಬರುತ್ತದೆ. ನಮ್ಮ ಪಿತೃಪಕ್ಷದ ವೇಳೆಗೆ ಅಲ್ಲಿ ಪ್ಚುಮ್ ಬೆನ್ ಎಂಬ ಹದಿನೈದು ದಿನಗಳ ಪಿತೃಪೂಜೆ ನಡೆದು, ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮುಗಿಯುತ್ತದೆ. ಈ ಎರಡೂ ಹಬ್ಬಗಳಲ್ಲಿ ಜನರು ಊರಿಗೆ ಮರಳುವುದರಿಂದ ಬಸ್ಸುಗಳು ತುಂಬುತ್ತವೆ, ಸಣ್ಣ ಅಂಗಡಿ, ಹೋಟೆಲುಗಳು ಮುಚ್ಚುತ್ತವೆ. ಕಾರ್ತಿಕ ಹುಣ್ಣಿಮೆಯ ಸುಮಾರಿಗೆ ರಾಜಧಾನಿ ನಾಮ್ ಪೆನ್‌ನಲ್ಲಿ ನಡೆಯುವ ಜಲೋತ್ಸವದ ದೋಣಿ ಸ್ಪರ್ಧೆಯನ್ನು ನೋಡುವ ಮನಸ್ಸಿದ್ದರೆ ಕೋಣೆಯನ್ನು ಬಹಳ ಮೊದಲೇ ಕಾದಿರಿಸಿ.

ಇನ್ನೊಂದು ಕಾರಣಕ್ಕೂ ಮನೆಯ ಗೋಡೆಯ ಕ್ಯಾಲೆಂಡರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಂಕೋರ್ ವಾಟ್‌ನ ತುತ್ತತುದಿಯ ಹಂತವಾದ ಬಾಕನ್ ಅನ್ನು ಬೌದ್ಧರ ಪವಿತ್ರ ದಿನಗಳಲ್ಲಿ ಮುಚ್ಚುತ್ತಾರೆ. ಆ ದಿನಗಳು ಅಮಾವಾಸ್ಯೆ, ಹುಣ್ಣಿಮೆ ಹಾಗೂ ಎರಡು ಅಷ್ಟಮಿಗಳು. ಅಲ್ಲಿಯ ಲೆಕ್ಕಕ್ಕೂ ನಮ್ಮ ಪಂಚಾಂಗಕ್ಕೂ ಒಂದು ದಿನದ ವ್ಯತ್ಯಾಸ ಬರಬಹುದಾದ್ದರಿಂದ, ಮೇಲೇರುವ ಆಸೆ ಇರುವವರು ಈ ತಿಥಿಗಳ ಹಿಂದಿನ, ಮುಂದಿನ ದಿನಗಳನ್ನೂ ಬಿಟ್ಟು ಯೋಜನೆ ಹಾಕಿಕೊಳ್ಳುವುದು ಒಳ್ಳೆಯದು.

ಎರಡನೆಯ ಹಂತ: ವೀಸಾ ಮತ್ತು ವಿಮಾನ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಕಾಂಬೋಡಿಯಾ ಪ್ರವೇಶಿಸಲು ವೀಸಾ ಬೇಕು. ಪ್ರವಾಸಿ ವೀಸಾದ ಶುಲ್ಕ 30 ಡಾಲರ್; 30 ದಿನ ತಂಗಲು, ಒಂದು ಬಾರಿ ಪ್ರವೇಶಿಸಲು ಅವಕಾಶ. ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೂ ವೀಸಾ ಪಡೆಯಬಹುದು, ಆದರೆ ಮನೆಯಿಂದಲೇ ಇ-ವೀಸಾ ಪಡೆದು, ಅದರ ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗುವುದು ನೆಮ್ಮದಿ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಇಲ್ಲಿ ಎಚ್ಚರ ವಹಿಸಬೇಕಾದದ್ದು ಜಾಲತಾಣದ ವಿಷಯದಲ್ಲಿ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಹುಡುಕಾಟದ ಮೊದಲ ಸಾಲಿನಲ್ಲೇ ಬಂದು ದುಪ್ಪಟ್ಟು ಹಣ ಕೇಳುತ್ತವೆ. ವಿಳಾಸದ ಕೊನೆ ‘ಡಾಟ್ ಜಿಒವಿ ಡಾಟ್ ಕೆಎಚ್’ ಎಂದಿದೆಯೇ ಎಂದು ನೋಡಿಯೇ ಮುಂದುವರಿಯಿರಿ.

ವೀಸಾ ಬೇರೆ, ಇ-ಅರೈವಲ್ ಕಾರ್ಡ್ ಬೇರೆ. ವಿಮಾನದಲ್ಲಿ ಬರುವವರೆಲ್ಲರೂ ತಲುಪುವ ದಿನಕ್ಕೆ ಏಳು ದಿನ ಮುಂಚಿನಿಂದ ಈ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬಹುದು, ತುಂಬಲೇಬೇಕು. ಇದಕ್ಕೆ ಶುಲ್ಕವಿಲ್ಲ, ಯಾರಾದರೂ ಹಣ ಕೇಳಿದರೆ ಅದು ಸರ್ಕಾರಿ ತಾಣವಲ್ಲ ಎಂದೇ ತಿಳಿಯಿರಿ. ಕೊನೆಗೆ ಬರುವ ಕ್ಯೂಆರ್ ಕೋಡ್ ಅನ್ನು ಫೋನಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ, ಏಕೆಂದರೆ ಇಳಿದ ತಕ್ಷಣ ಇಂಟರ್ನೆಟ್ ಸಿಗುತ್ತದೆಂಬ ಭರವಸೆಯಿಲ್ಲ.

ಬೆಂಗಳೂರಿನಿಂದ ಹೊರಡುವವರು ಸಾಮಾನ್ಯವಾಗಿ ಬ್ಯಾಂಕಾಕ್, ಸಿಂಗಪುರ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸುತ್ತಾರೆ. ಎರಡೂ ಹಂತದ ಪ್ರಯಾಣ ಒಂದೇ ಟಿಕೆಟ್‌ನಲ್ಲಿರುವಂತೆ ನೋಡಿಕೊಳ್ಳಿ. ಬೇರೆ ಬೇರೆ ಟಿಕೆಟ್ ಕೊಂಡರೆ ಕೆಲವೊಮ್ಮೆ ಹಣ ಉಳಿಯಬಹುದು, ಆದರೆ ನಡುವಿನ ನಿಲ್ದಾಣದಲ್ಲಿ ಹೊರಗೆ ಹೋಗಿ ಸಾಮಾನು ಪಡೆದು ಮತ್ತೆ ಒಳಬರಬೇಕಾಗುತ್ತದೆ. ಸಿಂಗಪುರದಲ್ಲಾದರೆ ಅದಕ್ಕೆ ಬೇರೆ ವೀಸಾವೇ ಬೇಕಾಗಬಹುದು, ಮೊದಲ ವಿಮಾನ ತಡವಾದರೆ ಎರಡನೆಯದರ ಹೊಣೆಯನ್ನು ಯಾರೂ ಹೊರುವುದಿಲ್ಲ.

ಅಂಕೋರ್‌ಗೆ ಹತ್ತಿರದ ಊರು ಸೀಮ್ ರೀಪ್. ಹಳೆಯ ಪ್ರವಾಸ ಕಥನಗಳಲ್ಲಿ ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡಿತ್ತು ಎಂದು ಓದಿದವರು ಗಮನಿಸಬೇಕು: 2023ರ ಅಕ್ಟೋಬರ್‌ನಿಂದ ಹೊಸ ನಿಲ್ದಾಣ ಬಳಕೆಯಲ್ಲಿದೆ, ಅದು ಊರಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಟ್ಯಾಕ್ಸಿಗೆ ಒಂದು ತಾಸು ಹಿಡಿಯುತ್ತದೆ. ಅಗ್ಗದ ಶಟಲ್ ಬಸ್ಸೂ ಇದೆ. ಹಲವು ಹೋಟೆಲುಗಳು ತಾವೇ ಕಾರು ಕಳುಹಿಸುತ್ತವೆ, ಕೋಣೆ ಕಾದಿರಿಸುವಾಗಲೇ ಕೇಳಿ.

ಥಾಯ್ಲೆಂಡ್‌ನಿಂದ ಬಸ್ಸಿನಲ್ಲಿ ಗಡಿ ದಾಟುವ ಹಳೆಯ ದಾರಿಯನ್ನು ನೆಚ್ಚಿಕೊಳ್ಳಬೇಡಿ. 2025ರ ಜೂನ್‌ನಲ್ಲಿ ಎರಡೂ ದೇಶಗಳ ನಡುವಿನ ಭೂಗಡಿ ಮುಚ್ಚಿತು. ಅದೇ ವರ್ಷದ ಜುಲೈ ಮತ್ತು ಡಿಸೆಂಬರ್‌ಗಳಲ್ಲಿ ಸೇನೆಗಳ ನಡುವೆ ಕಾಳಗವೇ ನಡೆಯಿತು. ಗಡಿಯ ಬೆಟ್ಟದ ಮೇಲಿರುವ ಪ್ರೆಆ ವಿಹಿಯರ್ ದೇವಾಲಯ ಎಷ್ಟೇ ಸೊಗಸಾಗಿದ್ದರೂ ಸದ್ಯಕ್ಕೆ ಯೋಜನೆಯಿಂದ ಕೈಬಿಡಿ. ಹೊರಡುವ ವಾರದಲ್ಲಿ ನಾಮ್ ಪೆನ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನು ಓದುವುದು ಕಡ್ಡಾಯವೆಂದೇ ಭಾವಿಸಿ.

ಮೂರನೆಯ ಹಂತ: ಹಣ, ಸಿಮ್, ವಿಮೆ

ಕಾಂಬೋಡಿಯಾದ ನಾಣ್ಯ ರಿಯಲ್. ಒಂದು ಡಾಲರ್‌ಗೆ ಸುಮಾರು 4,000 ರಿಯಲ್. ಆದರೆ ಪ್ರವಾಸಿಗರ ವ್ಯವಹಾರವೆಲ್ಲ ಅಮೆರಿಕನ್ ಡಾಲರ್‌ನಲ್ಲೇ ನಡೆಯುತ್ತದೆ, ಡಾಲರ್‌ಗಿಂತ ಕಡಿಮೆ ಮೊತ್ತದ ಚಿಲ್ಲರೆಯನ್ನು ರಿಯಲ್‌ನಲ್ಲಿ ಕೊಡುತ್ತಾರೆ. ನಮ್ಮ ರೂಪಾಯಿ ಅಲ್ಲಿ ನಡೆಯುವುದಿಲ್ಲ. ಊರಲ್ಲೇ ಡಾಲರ್ ಕೊಳ್ಳುವಾಗ ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ: ಅಂಚು ಸೂಜಿಯಷ್ಟು ಹರಿದಿದ್ದರೂ, ಮೇಲೆ ಪೆನ್ನಿನ ಗೆರೆ ಇದ್ದರೂ ಅಲ್ಲಿನ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಇದೇ ಕಾರಣಕ್ಕೆ, ಅಲ್ಲಿ ಚಿಲ್ಲರೆಯಾಗಿ ಬರುವ ಹಳೆಯ ಡಾಲರ್ ನೋಟುಗಳನ್ನೂ ಆ ಕ್ಷಣದಲ್ಲೇ ವಿನಯದಿಂದ ಮರಳಿಸಿ ಬೇರೆ ಕೇಳಬೇಕು. ಒಂದು, ಐದು, ಹತ್ತು ಡಾಲರ್‌ಗಳ ನೋಟುಗಳು ಹೆಚ್ಚಾಗಿರಲಿ. ನೂರರ ನೋಟಿಗೆ ಟುಕ್‌ಟುಕ್ ಚಾಲಕರ ಬಳಿ ಚಿಲ್ಲರೆ ಇರುವುದಿಲ್ಲ. ಎಟಿಎಂಗಳು ಎಲ್ಲೆಡೆ ಇವೆ, ಆದರೆ ಪ್ರತಿ ಬಾರಿಗೆ ನಾಲ್ಕೈದು ಡಾಲರ್ ಶುಲ್ಕ ಕಡಿತವಾಗುವುದರಿಂದ ತೆಗೆಯುವುದಾದರೆ ಒಮ್ಮೆಲೇ ತೆಗೆಯಿರಿ.

ಸ್ಥಳೀಯ ಸಿಮ್ ಅಗ್ಗ. ಪಾಸ್‌ಪೋರ್ಟ್ ತೋರಿಸಿದರೆ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ. ಅದರೊಂದಿಗೆ ಗ್ರ್ಯಾಬ್ ಅಥವಾ ಪಾಸ್‌ಆ್ಯಪ್ ಎಂಬ ಸವಾರಿ ಆ್ಯಪ್‌ಗಳನ್ನು ಹಾಕಿಕೊಂಡರೆ ಊರೊಳಗಿನ ಓಡಾಟಕ್ಕೆ ಚೌಕಾಸಿಯ ಅಗತ್ಯವೇ ಬೀಳುವುದಿಲ್ಲ.

ಪ್ರಯಾಣ ವಿಮೆಯನ್ನು ದಯವಿಟ್ಟು ಬಿಡಬೇಡಿ. ಗಂಭೀರ ಕಾಯಿಲೆ, ಅಪಘಾತಗಳಲ್ಲಿ ರೋಗಿಯನ್ನು ಬ್ಯಾಂಕಾಕ್‌ಗೆ ಸಾಗಿಸಬೇಕಾಗಿ ಬರುವುದು ಅಲ್ಲಿ ಅಪರೂಪವಲ್ಲ, ಆ ಸಾಗಾಟದ ವೆಚ್ಚ ಒಂದು ಕುಟುಂಬದ ವರ್ಷಗಳ ಉಳಿತಾಯವನ್ನೇ ನುಂಗಬಲ್ಲದು. ಆದ್ದರಿಂದ ವಿಮೆಯಲ್ಲಿ ವೈದ್ಯಕೀಯ ಸ್ಥಳಾಂತರ ಸೇರಿದೆಯೇ ಎಂಬುದನ್ನು ಮುಖ್ಯವಾಗಿ ನೋಡಿ.

ನಾಲ್ಕನೆಯ ಹಂತ: ಪಾಸ್, ವಾಹನ, ಉಡುಪು

ಅಂಕೋರ್ ಪಾಸ್ ಮೂರು ಬಗೆ: ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62, ಏಳು ದಿನದ್ದು 72. ಮೂರು ದಿನದ ಪಾಸ್ ಅನ್ನು ಹತ್ತು ದಿನಗಳೊಳಗೆ ಯಾವುದೇ ಮೂರು ದಿನ ಬಳಸಬಹುದು, ಸತತವಾಗಿಯೇ ಆಗಬೇಕೆಂದಿಲ್ಲ. ಇದು ಬಹಳ ದೊಡ್ಡ ಅನುಕೂಲ, ಏಕೆಂದರೆ ನಡುವೆ ಒಂದು ದಿನ ವಿಶ್ರಾಂತಿಗೆ ಬಿಟ್ಟರೆ ಕಣ್ಣೂ ಕಾಲೂ ಮತ್ತೆ ಸಿದ್ಧವಾಗುತ್ತವೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪಾಸ್ ಬೇಡ, ಆದರೆ ವಯಸ್ಸಿಗೆ ಪುರಾವೆಯಾಗಿ ಅವರ ಪಾಸ್‌ಪೋರ್ಟ್ ಜೊತೆಗಿರಲಿ. ಪಾಸ್ ಮೇಲೆ ನಿಮ್ಮ ಫೋಟೊ ಇರುತ್ತದೆ, ಪ್ರತಿ ದೇವಾಲಯದ ಬಾಗಿಲಲ್ಲೂ ತೋರಿಸಬೇಕು, ಇನ್ನೊಬ್ಬರಿಗೆ ಕೊಡುವಂತಿಲ್ಲ. ಸರ್ಕಾರಿ ತಾಣದಲ್ಲಿ ಆನ್‌ಲೈನ್‌ನಲ್ಲೇ ಕೊಳ್ಳಬಹುದು, ಇಲ್ಲವೇ ಊರ ಹೊರಗಿನ ಟಿಕೆಟ್ ಕೇಂದ್ರಕ್ಕೆ ಹೋಗಬೇಕು. ದೇವಾಲಯಗಳ ಬಾಗಿಲಲ್ಲಿ ಟಿಕೆಟ್ ಮಾರುವುದಿಲ್ಲ. ಪ್ರತಿ ಪಾಸ್‌ನಿಂದ ಎರಡು ಡಾಲರ್ ಕಾಂತಾ ಬೋಫಾ ಮಕ್ಕಳ ಆಸ್ಪತ್ರೆಗಳಿಗೆ ಸಲ್ಲುತ್ತದೆ. ಅಲ್ಲಿ ಮಕ್ಕಳಿಗೆ ಚಿಕಿತ್ಸೆ ಉಚಿತ.

ಸುತ್ತಾಡಲು ಟುಕ್‌ಟುಕ್ ಅತ್ಯುತ್ತಮ. ಅಂಕೋರ್ ವಾಟ್, ಅಂಕೋರ್ ಥಾಮ್, ತಾ ಪ್ರೋಮ್‌ಗಳನ್ನು ಸೇರಿಸುವ ಕಿರುಸುತ್ತು ಸುಮಾರು 17 ಕಿಲೋಮೀಟರ್, ಅದರಾಚೆಗಿನ ದೊಡ್ಡಸುತ್ತು ಸುಮಾರು 26. ಇಡೀ ದಿನಕ್ಕೆ ಒಬ್ಬರೇ ಚಾಲಕರನ್ನು ಗೊತ್ತುಮಾಡಿಕೊಂಡು, ಎಲ್ಲೆಲ್ಲಿಗೆ, ಎಷ್ಟು ಹೊತ್ತಿಗೆ, ಒಟ್ಟು ಎಷ್ಟು ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಸೂರ್ಯೋದಯಕ್ಕೂ ದೂರದ ದೇವಾಲಯಗಳಿಗೂ ಹೆಚ್ಚುವರಿ ದರವಿದೆ, ಅದು ನ್ಯಾಯವಾದದ್ದೇ. ಬೈಕ್ ಬಾಡಿಗೆಗೆ ಪಡೆಯುವುದನ್ನು ನಾನು ಸಲಹೆ ಮಾಡುವುದಿಲ್ಲ: ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಸಂದಿಗ್ಧ ಕ್ಷಣದಲ್ಲಿ ನಮ್ಮ ಕೈ ಅಭ್ಯಾಸಬಲದಿಂದ ಎಡಕ್ಕೇ ಎಳೆಯುತ್ತದೆ.

ಭುಜ ಮತ್ತು ಮಂಡಿ ಮುಚ್ಚುವ ಹತ್ತಿ ಬಟ್ಟೆ ಗಂಡಸರಿಗೂ ಹೆಂಗಸರಿಗೂ ಅಗತ್ಯ. ಬಾಕನ್ ಏರುವವರಿಗೆ ಈ ನಿಯಮ ಬಿಗಿ. ಶಾಲು ಹೊದ್ದುಕೊಂಡರೆ ಸಾಲದು, ತೋಳಿರುವ ಅಂಗಿಯೇ ಬೇಕು. ಕಾಲಿಗೆ ಹಿಡಿತವಿರುವ ಶೂ, ತಲೆಗೆ ಟೋಪಿ, ತಲಾ ಎರಡು ಲೀಟರ್ ನೀರು, ಒಂದು ಚಿಕ್ಕ ಟಾರ್ಚ್. ಟಾರ್ಚ್ ಸೂರ್ಯೋದಯದ ಹಾದಿಗೆ ಮಾತ್ರವಲ್ಲ, ಕತ್ತಲ ಗರ್ಭಗುಡಿಗಳ ಎತ್ತರದ ಹೊಸ್ತಿಲುಗಳಲ್ಲಿ ಎಡವದಿರಲೂ ಬೇಕು. ಡ್ರೋನ್ ಒಯ್ಯಬೇಡಿ, ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಐದನೆಯ ಹಂತ: ಮೂರು ದಿನಗಳ ಕ್ರಮ

ದೇವಾಲಯಗಳ ಕ್ರಮವನ್ನು ಬೆಳಕೇ ನಿರ್ಧರಿಸಬೇಕು. ಹೆಚ್ಚಿನ ಪ್ಯಾಕೇಜುಗಳು ಮೊದಲ ದಿನದ ಮೊದಲ ಗಂಟೆಗೇ ಅಂಕೋರ್ ವಾಟ್‌ನ ಸೂರ್ಯೋದಯವನ್ನು ಇಡುತ್ತವೆ. ಆದರೆ ಈ ದೇವಾಲಯ ಪಶ್ಚಿಮಾಭಿಮುಖವಾದದ್ದು. ಬೆಳಗ್ಗೆ ಅದರ ಮುಖ ನೆರಳಿನಲ್ಲಿರುತ್ತದೆ, ಮಧ್ಯಾಹ್ನ ಎರಡರ ನಂತರವೇ ಪಶ್ಚಿಮದ ಬಿಸಿಲು ಕಂಬಗಳ ನಡುವೆ ನುಗ್ಗಿ ಉಬ್ಬುಶಿಲ್ಪಗಳನ್ನು ಎಬ್ಬಿಸುತ್ತದೆ. ಆದ್ದರಿಂದ ಮೊದಲ ದಿನದ ಬೆಳಗನ್ನು ಅಂಕೋರ್ ಥಾಮ್‌ಗೆ ಕೊಡಿ.

ಅಂಕೋರ್ ಥಾಮ್ ಎಂದರೆ ಏಳನೆಯ ಜಯವರ್ಮನ ರಾಜಧಾನಿ: ಪ್ರತಿ ಬದಿಗೂ ಮೂರು ಕಿಲೋಮೀಟರ್ ಉದ್ದದ ಚೌಕಾಕಾರದ ಕೋಟೆ. ದಕ್ಷಿಣದ್ವಾರದಲ್ಲಿ ವಾಹನದಿಂದ ಇಳಿದು, ನಾಗನನ್ನು ಹಿಡಿದೆಳೆಯುವ ದೇವಾಸುರರ ಸಾಲುಗಳ ನಡುವೆ ಸೇತುವೆಯನ್ನು ನಡೆದೇ ದಾಟಿ. ಕೋಟೆಯ ನಡುವೆ ಬಾಯೊನ್ ದೇವಾಲಯ. ಬೆಳಗ್ಗೆ ಏಳೂವರೆಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಉತ್ತಮ. ಗೋಪುರಗಳ ಮೇಲಿನ ಬೃಹತ್ ಮುಖಗಳನ್ನು ಎಲ್ಲರೂ ನೋಡುತ್ತಾರೆ. ಕೆಳಗಿನ ಹೊರಗೋಡೆಯ ದಕ್ಷಿಣ ಭಾಗವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಈಗಿನ ವಿಯೆಟ್ನಾಂ ಕಡೆಯ ಚಾಮ್ ಜನರ ಸೇನೆಯೊಂದಿಗಿನ ದೋಣಿಯುದ್ಧದ ಅಡಿಯಲ್ಲಿ ಅಲ್ಲಿ ಮೀನು ಮಾರುವವರು, ಅಡುಗೆ ಮಾಡುವವರು, ಕೋಳಿ ಅಂಕಕ್ಕೆ ಸೇರಿದವರು ಇದ್ದಾರೆ. ಎಂಟುನೂರು ವರ್ಷ ಹಿಂದಿನ ಸಾಮಾನ್ಯ ಜನರನ್ನು ಇಷ್ಟು ಹತ್ತಿರದಿಂದ ತೋರಿಸುವ ಗೋಡೆ ಅಪರೂಪ. ಜಯವರ್ಮನ ಇತಿಹಾಸ ನಮಗೆ ಪರಿಚಿತವಲ್ಲದ್ದರಿಂದ, ಪರವಾನಗಿ ಇರುವ ಗೈಡ್ ಒಬ್ಬರನ್ನು ಈ ಬೆಳಗಿಗೆ ಕರೆದುಕೊಂಡರೆ ಹಣ ಸಾರ್ಥಕ.

ಹನ್ನೊಂದೂವರೆಗೆ ಊರಿಗೆ ಮರಳಿ, ಉಂಡು, ಮಲಗಿ. ಇದನ್ನು ಸೋಮಾರಿತನ ಎಂದುಕೊಳ್ಳಬೇಡಿ. ನಡುಹಗಲಿನ ಬಿಸಿಲಲ್ಲಿ ಕಲ್ಲು ಕಾದು, ಶಿಲ್ಪಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ.

ಎರಡೂವರೆಗೆ ಅಂಕೋರ್ ವಾಟ್. ಮುಖ್ಯ ಹಾದಿಯಲ್ಲಿ ನೇರವಾಗಿ ಬಂದು ಮೊದಲ ಪ್ರಾಕಾರದ ಬಾಗಿಲಲ್ಲಿ ಬಲಕ್ಕೆ ತಿರುಗಿ. ಇಲ್ಲಿ ಉಬ್ಬುಶಿಲ್ಪಗಳು ಅಪ್ರದಕ್ಷಿಣೆಯಾಗಿ ಸಾಗುತ್ತವೆ, ಹಾಗಾಗಿ ರೂಢಿಯಂತೆ ಎಡದಿಂದ ಸುತ್ತು ಹೊರಟರೆ ಕಥೆಗಳೆಲ್ಲ ಹಿಂದುಮುಂದಾಗುತ್ತವೆ. ಬಲಕ್ಕೆ ತಿರುಗಿದೊಡನೆ ಸಿಗುವುದು ಕುರುಕ್ಷೇತ್ರ: ಸುಮಾರು 49 ಮೀಟರ್ ಉದ್ದದ ಒಂದೇ ಫಲಕ, ಎಡಗಡೆಯಿಂದ ಕೌರವ ಸೇನೆ, ಬಲಗಡೆಯಿಂದ ಪಾಂಡವ ಸೇನೆ. ಎರಡೂ ತುದಿಗಳಲ್ಲಿ ಸಾಲುಸಾಲಾಗಿ ಶಿಸ್ತಿನಿಂದ ಹೆಜ್ಜೆಯಿಡುವ ಕಾಲಾಳುಗಳು ನಡುವಿಗೆ ಬರುತ್ತಿದ್ದಂತೆ ಒಬ್ಬರ ಮೇಲೊಬ್ಬರು ಬಿದ್ದು, ಆನೆ, ಕುದುರೆ, ರಥಗಳೆಲ್ಲ ಹೆಣೆದುಕೊಳ್ಳುತ್ತವೆ. ಎಡಭಾಗದ ಮೇಲ್ಸಾಲಿನಲ್ಲಿ ಭೀಷ್ಮನನ್ನು ಹುಡುಕಿ. ಬಾಣಗಳ ಮೇಲೆ ಮಲಗಿದ್ದಾನೆ, ಸುತ್ತ ತನ್ನವರು ಕೂತಿದ್ದಾರೆ, ಕೆಳಗೆ ಯುದ್ಧ ನಿಲ್ಲದೆ ಸಾಗಿದೆ. ಸಾವಿರಾರು ಕೈಗಳು ಸವರಿ ಈ ಗೋಡೆಯ ಕೆಳಸಾಲು ಕಪ್ಪಾಗಿ ಹೊಳೆಯುತ್ತಿದೆ; ನೀವು ಮುಟ್ಟಬೇಡಿ, ಮಕ್ಕಳಿಗೂ ಹೇಳಿ. ಅಲ್ಲಿಂದ ಮುಂದೆ ದಕ್ಷಿಣದ ಗೋಡೆಯಲ್ಲಿ ಸೂರ್ಯವರ್ಮನ ಮೆರವಣಿಗೆ, ನಂತರ ಕೋಣವೇರಿದ ಯಮ, ಅವನ ತೀರ್ಪು, 32 ನರಕಗಳು. ಐದರ ಸುಮಾರಿಗೆ ಪಶ್ಚಿಮಕ್ಕೆ ಮರಳಿ, ಬಾಗಿಲ ಇನ್ನೊಂದು ಬದಿಯ ಲಂಕಾಯುದ್ಧವನ್ನು ಇಳಿಬಿಸಿಲಿನಲ್ಲಿ ನೋಡಿ. ಹನುಮಂತನ ಹೆಗಲೇರಿ ರಾಮ ಬಾಣ ಬಿಡುತ್ತಿದ್ದಾನೆ, ಹಿಂದೆ ಲಕ್ಷ್ಮಣ, ವಿಭೀಷಣ. ಎದುರಿಗೆ ಇಪ್ಪತ್ತು ತೋಳಿನ ರಾವಣ. ಆ ಹೊತ್ತಿಗೆ ಗುಂಪುಗಳೆಲ್ಲ ಸೂರ್ಯಾಸ್ತ ನೋಡಲು ಬೆಟ್ಟಕ್ಕೆ ಹೋಗಿರುತ್ತವೆ, ಗೋಡೆಯ ಮುಂದೆ ಬಾಗಿಲು ಮುಚ್ಚುವವರೆಗೆ ನೆಮ್ಮದಿಯಾಗಿ ನಿಲ್ಲಬಹುದು.

ಎರಡನೆಯ ದಿನ ಬೆಳಗ್ಗೆ ಬೇಗ ಹೊರಟು ಬಾಂತೇ ಸ್ರೈ ತಲುಪಿ. ಊರಿನಿಂದ ಟುಕ್‌ಟುಕ್‌ನಲ್ಲಿ ಒಂದು ತಾಸಿಗೂ ಮೇಲೆ. ಕ್ರಿ.ಶ. 967ರಲ್ಲಿ ಪ್ರತಿಷ್ಠೆಯಾದ ಈ ಶಿವಾಲಯವನ್ನು ಕಟ್ಟಿಸಿದ್ದು ಅರಸನಲ್ಲ, ಯಜ್ಞವರಾಹನೆಂಬ ರಾಜಗುರು. ಅಂಕೋರ್‌ನ ಮಹಾಕಟ್ಟಡಗಳ ಎದುರು ಇದು ಬಹಳ ಚಿಕ್ಕದು, ಆದರೆ ಹೊಯ್ಸಳ ಶಿಲ್ಪದ ಸೂಕ್ಷ್ಮ ಕೆತ್ತನೆಗೆ ಕಣ್ಣು ಒಗ್ಗಿದವರಿಗೆ ಇಡೀ ಕಾಂಬೋಡಿಯಾದಲ್ಲಿ ಇದಕ್ಕಿಂತ ಹತ್ತಿರವೆನಿಸುವ ಜಾಗ ಇನ್ನೊಂದಿಲ್ಲ. ಗುಲಾಬಿ ಛಾಯೆಯ ಮರಳುಗಲ್ಲಿನಲ್ಲಿ ರಾವಣ ಕೈಲಾಸವನ್ನು ಅಲುಗಾಡಿಸುತ್ತಿದ್ದಾನೆ. ಬೆಟ್ಟದ ಮೆಟ್ಟಿಲುಮೆಟ್ಟಿಲಿನಲ್ಲೂ ಋಷಿಗಳು, ಪ್ರಾಣಿಮುಖದ ಗಣಗಳು ಬೆದರಿ ತಿರುಗಿ ನೋಡುತ್ತಿದ್ದಾರೆ, ಪಾರ್ವತಿ ಶಿವನಿಗೆ ಒರಗಿದ್ದಾಳೆ. ಇದೇ ಪ್ರಸಂಗವನ್ನು ಹಳೇಬೀಡಿನ ಗೋಡೆಯಲ್ಲಿ ನೋಡಿದವರು ಇಲ್ಲಿ ಖಂಡಿತ ಬಹಳ ಹೊತ್ತು ನಿಲ್ಲುತ್ತಾರೆ. ಖಾಂಡವವನದ ಮಳೆ, ಕಂಸವಧೆ, ಕಾಮದಹನ, ವಾಲಿ-ಸುಗ್ರೀವರ ಕಾಳಗಗಳೂ ಬಾಗಿಲುಗಳ ಮೇಲಿವೆ. ಒಳಗುಡಿಯ ಸುತ್ತ ಹಗ್ಗ ಕಟ್ಟಿರುವುದರಿಂದ, ಚಿಕ್ಕ ದುರ್ಬೀನು ಇದ್ದರೆ ತನ್ನಿ.

ಅಲ್ಲಿಂದ ಮುಂದೆ ಕ್ಬಾಲ್ ಸ್ಪಿಯನ್. ಕಾಡಿನ ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ಏರಿದರೆ ಹೊಳೆಯ ಪಾತ್ರದ ಬಂಡೆಗಳಲ್ಲೇ ಕೆತ್ತಿದ ಲಿಂಗಗಳ ಸಾಲುಗಳು, ಶೇಷಶಾಯಿ ವಿಷ್ಣು ಕಾಣುತ್ತಾರೆ. ಶಿರಸಿಯ ಬಳಿ ಶಾಲ್ಮಲಾ ನದಿಯ ಸಹಸ್ರಲಿಂಗವನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮಳೆ ನಿಂತ ಮೊದಲ ತಿಂಗಳುಗಳಲ್ಲಿ ನೀರು ಲಿಂಗಗಳ ಮೇಲೆ ಹರಿಯುತ್ತಿರುತ್ತದೆ, ಬೇಸಿಗೆಗೆ ಬಹುಪಾಲು ಒಣಗುತ್ತದೆ. ಮಧ್ಯಾಹ್ನ ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ. ಮರಳುವಾಗ ಸೂರ್ಯಾಸ್ತಕ್ಕೆ ಪ್ರೆ ರೂಪ್ ದೇವಾಲಯದ ಮೇಲೆ ಕುಳಿತುಕೊಳ್ಳಿ. ಬಾಖೆಂಗ್ ಬೆಟ್ಟದಲ್ಲಿ ಒಮ್ಮೆಗೆ 300 ಜನರಿಗಷ್ಟೇ ಅವಕಾಶ, ಸರತಿ ಉದ್ದ.

ಮೂರನೆಯ ದಿನ, ಅಥವಾ ಒಂದು ದಿನ ದಣಿವಾರಿಸಿಕೊಂಡ ಮೇಲೆ, ಸೂರ್ಯೋದಯ. ಐದಕ್ಕೆ ಬಾಗಿಲು ತೆರೆಯುತ್ತದೆ. ಒಳಹೊಕ್ಕಾಗ ಎಡಕ್ಕೆ ಸಿಗುವ ಕೊಳದ ದಡ ಬೇಗ ತುಂಬುತ್ತದೆ. ಸೂರ್ಯ ಮೇಲೇರಿದೊಡನೆ ಜನರೆಲ್ಲ ತಿಂಡಿಗೆ ಹೊರಡುತ್ತಾರೆ. ನೀವು ಹೊರಡಬೇಡಿ. ನೇರವಾಗಿ ಪೂರ್ವದ ಮೊಗಸಾಲೆಗೆ ನಡೆಯಿರಿ, ಎಳೆಬಿಸಿಲು ಆಗ ಸಮುದ್ರಮಥನದ ಮೇಲೆ ಬಿದ್ದಿರುತ್ತದೆ. ಎಡಕ್ಕೆ ಅಸುರರು, ಬಲಕ್ಕೆ ದೇವತೆಗಳು, ನಡುವೆ ಕೂರ್ಮದ ಮೇಲಿನ ಮಂದರ ಮತ್ತು ಚತುರ್ಭುಜ ವಿಷ್ಣು. ಕಡೆಗೋಲಿನ ಹತ್ತಿರ ಬಂದ ಮೀನು, ಮೊಸಳೆಗಳು ಸುಳಿಗೆ ಸಿಕ್ಕಿ ತುಂಡಾಗಿವೆ. ದೇವತೆಗಳ ಸಾಲಿನ ಕಟ್ಟಕಡೆಯಲ್ಲಿ ವಾಸುಕಿಯ ಬಾಲ ಹಿಡಿದಿರುವ ವಾನರನನ್ನು ಸಾಮಾನ್ಯವಾಗಿ ಹನುಮಂತನೆಂದೇ ಗುರುತಿಸುತ್ತಾರೆ. ನಾವು ಕೇಳಿದ ಕಥೆಯಲ್ಲಿ ಅವನು ಅಲ್ಲಿಲ್ಲ. ಖಮೇರರು ಈ ಕಥೆಗಳನ್ನು ತಮ್ಮದಾಗಿಸಿಕೊಂಡು ಮತ್ತೆ ಕಟ್ಟಿದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಅಂಕೋರ್ ಅನ್ನು ‘ನಮ್ಮವರು ಕಟ್ಟಿದ್ದು’ ಎಂದು ಗೈಡ್‌ಗಳ ಮುಂದೆ ವಾದಿಸುವ ಪ್ರವಾಸಿಗರು ಈ ಮೂಲೆಯಲ್ಲಿ ಸ್ವಲ್ಪ ನಿಲ್ಲಬೇಕು. ಅದೇ ಬೆಳಗ್ಗೆ ಬಾಕನ್ ಏರಿ. ಮೆಟ್ಟಿಲು ಬಹಳ ಕಡಿದು, ಒಮ್ಮೆಗೆ ಸುಮಾರು ನೂರು ಜನರನ್ನಷ್ಟೇ ಬಿಡುತ್ತಾರೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅವಕಾಶವಿಲ್ಲ, ಮಂಡಿನೋವಿನ ಹಿರಿಯರು ಕೆಳಗೇ ಕುಳಿತರೆ ನಷ್ಟವೇನಿಲ್ಲ.

ಸಂಜೆ ಮೂರೂವರೆಯ ನಂತರ ತಾ ಪ್ರೋಮ್. ಮರದ ಬೇರುಗಳು ಗೋಡೆಗಳನ್ನು ತಬ್ಬಿರುವ ಈ ದೇವಾಲಯದ ಸಂರಕ್ಷಣೆಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ದೀರ್ಘಕಾಲದಿಂದ ತೊಡಗಿದೆ. ಅಲ್ಲಿ ಅದು ಜೀರ್ಣೋದ್ಧಾರ ಮಾಡಿದ ನರ್ತನ ಮಂಟಪ 2022ರಲ್ಲಿ ತೆರೆಯಿತು.

ಬಿಡುವಿನ ದಿನಕ್ಕೆ ತೋನ್ಲೆ ಸಾಪ್ ಸರೋವರವಿದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ, ಸರೋವರದಿಂದ ಹೊರಹೋಗುವ ನದಿಯೇ ಹಿಂದಕ್ಕೆ ಹರಿದು, ಸರೋವರ ಹಲವು ಪಟ್ಟು ಹಿಗ್ಗುತ್ತದೆ. ಎತ್ತರದ ಕಂಬಗಳ ಮೇಲಿನ ಮನೆಗಳಿರುವ ಕಂಪೋಂಗ್ ಪ್ಲುಕ್ ಹಳ್ಳಿಯನ್ನು ನೀರು ತುಂಬಿದ ತಿಂಗಳುಗಳಲ್ಲಿ ಮಾತ್ರ ನೋಡಿ. ದೋಣಿಯವರು ಶಾಲೆಗೆಂದು ಅಕ್ಕಿ ಮೂಟೆ ಕೊಳ್ಳಲು ಒತ್ತಾಯಿಸಿದರೆ ನಯವಾಗಿ ನಿರಾಕರಿಸಿ.

ಆರನೆಯ ಹಂತ: ಸಸ್ಯಾಹಾರ

ಸಸ್ಯಾಹಾರಿಗಳಿಗೆ ಕಷ್ಟ ಕೊಡುವುದು ಮಾಂಸದ ತುಂಡಲ್ಲ, ಕಣ್ಣಿಗೆ ಕಾಣದ ಮೀನಿನ ಸಾಸ್ ಮತ್ತು ಪ್ರಹೋಕ್ ಎಂಬ ಹುದುಗಿಸಿದ ಮೀನಿನ ಮುದ್ದೆ. ತರಕಾರಿ ಪಲ್ಯ, ಸಾರು, ಸಲಾಡ್‌ಗಳಲ್ಲೂ ಇವು ಸಹಜವಾಗಿ ಸೇರಿರುತ್ತವೆ. ತಲುಪಿದ ದಿನವೇ ಹೋಟೆಲಿನವರಿಂದ ಖಮೇರ್ ಲಿಪಿಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ: ಮಾಂಸ, ಮೀನು, ಮೊಟ್ಟೆ, ಮೀನಿನ ಸಾಸ್, ಪ್ರಹೋಕ್, ಸೀಗಡಿ ಪೇಸ್ಟ್, ಆಯ್ಸ್ಟರ್ ಸಾಸ್ ಯಾವುದೂ ಬೇಡ ಎಂದು ಒಂದೊಂದಾಗಿ. ‘ವೆಜಿಟೇರಿಯನ್’ ಎಂಬ ಒಂದೇ ಮಾತಿಗಿಂತ ಈ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ತೋಫು ಹಾಕಿದ ಅಮೋಕ್ ಎಂಬ ಮಸಾಲೆ ಖಾದ್ಯ, ತೆಂಗಿನ ಹಾಲಿನ ತರಕಾರಿ, ಬಿಳಿ ಅನ್ನ, ಹಣ್ಣು ಎಲ್ಲೆಡೆ ಸಿಗುತ್ತವೆ. ಸೀಮ್ ರೀಪ್‌ನ ಹಳೆ ಮಾರುಕಟ್ಟೆಯ ಸುತ್ತ ಭಾರತೀಯ ಹೋಟೆಲುಗಳೂ ಇವೆ. ಆದರೆ ಬಾಂತೇ ಸ್ರೈಯ ದಾರಿಯಲ್ಲಿ ಆಯ್ಕೆ ಕಡಿಮೆ. ಚಟ್ನಿಪುಡಿ, ಗೊಜ್ಜವಲಕ್ಕಿಯ ಒಂದು ಡಬ್ಬಿ ಆ ದಿನ ಚೀಲದಲ್ಲಿರಲಿ. ಬಿಸಿ ಅನ್ನ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ.

ಏಳನೆಯ ಹಂತ: ಆರೋಗ್ಯ, ಸುರಕ್ಷತೆ, ನಡವಳಿಕೆ

ನಲ್ಲಿ ನೀರು ಕುಡಿಯಬೇಡಿ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲೇ ಕಚ್ಚುವುದರಿಂದ ಮುಲಾಮು ಹಗಲೂ ಬೇಕು. ದೇವಾಲಯಗಳ ಸುತ್ತಲಿನ ಕೋತಿಗಳಿಗೆ ತಿನಿಸು ಕೊಡಬೇಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು, ನೀರಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬಿಸ್ ಚಿಕಿತ್ಸೆ ಆರಂಭಿಸಬೇಕು, ಊರಿಗೆ ಬಂದ ಮೇಲೆ ನೋಡೋಣ ಎನ್ನುವಂತಿಲ್ಲ. ತುರ್ತು ಸಂಖ್ಯೆಗಳು: ಪೊಲೀಸ್ 117, ಆಂಬುಲೆನ್ಸ್ 119.

ದಶಕಗಳ ಯುದ್ಧದಲ್ಲಿ ಹುಗಿದ ನೆಲಬಾಂಬುಗಳು ಹಳ್ಳಿಗಾಡಿನಲ್ಲಿ ಇನ್ನೂ ಉಳಿದಿವೆ. ಮುಖ್ಯ ದೇವಾಲಯಗಳ ಆವರಣ ಸುರಕ್ಷಿತ, ಆದರೆ ದೂರದ ಕಾಡುಗಳಲ್ಲಿ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ.

ಮಕ್ಕಳು ಪೋಸ್ಟ್‌ಕಾರ್ಡ್, ಬಳೆ ಮಾರಲು ಬರುತ್ತಾರೆ. ಕೊಂಡರೆ ಆ ಮಗು ನಾಳೆಯೂ ಶಾಲೆಯ ಬದಲು ಇಲ್ಲಿಗೇ ಬರುತ್ತದೆ, ಮನಸ್ಸು ಗಟ್ಟಿಮಾಡಿಕೊಳ್ಳಿ. ಅನಾಥಾಲಯ ಭೇಟಿಯ ಆಹ್ವಾನಗಳನ್ನೂ ಒಪ್ಪಬೇಡಿ, ಪ್ರವಾಸಿಗರ ಹಣಕ್ಕಾಗಿಯೇ ಹೆತ್ತವರಿರುವ ಮಕ್ಕಳನ್ನು ತಂದಿಡುವ ಜಾಗಗಳಿವೆ. ಬಿಕ್ಕುಗಳನ್ನು ಹೆಂಗಸರು ಮುಟ್ಟಬಾರದು, ಯಾರ ತಲೆಯನ್ನೂ ಸವರಬಾರದು, ಬುದ್ಧನ ಕಡೆ ಕಾಲು ಚಾಚಬಾರದು. ಕೈಮುಗಿದು ನಮಸ್ಕರಿಸಿದರೆ ಎಲ್ಲರೂ ಮರುವಂದಿಸುತ್ತಾರೆ.

ಪ್ರವಾಸಕ್ಕೆ ನೇರವಾಗಿ ಸೇರದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಡೇಟಾ ಎಂಟ್ರಿ ಕೆಲಸ, ದೊಡ್ಡ ಸಂಬಳ ಎಂದು ನಂಬಿಸಿ, ಪ್ರವಾಸಿ ವೀಸಾದಲ್ಲಿ ಕರೆಸಿಕೊಂಡು, ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂಡಿಹಾಕುವ ಜಾಲಗಳಿಗೆ ಅನೇಕ ಭಾರತೀಯ ಯುವಕರು ಕಾಂಬೋಡಿಯಾದಲ್ಲಿ ಸಿಲುಕಿದ್ದಾರೆ. ಪ್ರವಾಸಿ ವೀಸಾದಲ್ಲಿ ಕೆಲಸ ಕೊಡುತ್ತೇವೆ ಎನ್ನುವವರು ಯಾರೇ ಆಗಲಿ, ಪರಿಚಯದ ಏಜೆಂಟರೇ ಆಗಲಿ, ನಂಬಬೇಡಿ. ಮನೆಯ ಯುವಕರಿಗೂ ತಿಳಿಸಿ.

ಎಂಟನೆಯ ಹಂತ: ನಾಮ್ ಪೆನ್

ಎರಡು ದಿನ ಉಳಿದಿದ್ದರೆ ರಾಜಧಾನಿಗೆ ಹೋಗಿ. ರಸ್ತೆಯಲ್ಲಿ ಸುಮಾರು ಆರು ತಾಸಿನ ಬಸ್ ಪ್ರಯಾಣ. ಬೀದಿಯಲ್ಲಿ ನಡೆಯುವಾಗ, ಟುಕ್‌ಟುಕ್‌ನಲ್ಲಿ ಕೂತಾಗ ಫೋನನ್ನು ರಸ್ತೆಯ ಬದಿಗೆ ಹಿಡಿಯಬೇಡಿ, ಬೈಕಿನಲ್ಲಿ ಬಂದು ಕಸಿಯುವವರಿದ್ದಾರೆ. ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಅಂಕೋರ್ ನೋಡಿದ ಮೇಲೆ ನೋಡುವುದೇ ಸರಿಯಾದ ಕ್ರಮ. ಬಾಂತೇ ಸ್ರೈಯಿಂದ ತಂದ ಭೀಮ-ದುರ್ಯೋಧನರ ಗದಾಯುದ್ಧದ ಫಲಕ ಅಲ್ಲಿದೆ: ಭೀಮ ಗದೆ ಎತ್ತಿ ನೆಗೆದಿದ್ದಾನೆ, ಹಲಾಯುಧನಾದ ಬಲರಾಮ ಸಿಟ್ಟಿನಿಂದ ಎದ್ದಿದ್ದಾನೆ.

1975ರಿಂದ 1979ರವರೆಗಿನ, ಖಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ ಶಾಲೆಯೊಂದು ಸೆರೆಮನೆಯಾದ ಕಟ್ಟಡ ತುವೋಲ್ ಸ್ಲೆಂಗ್, ಸಾಮೂಹಿಕ ಹತ್ಯೆ ನಡೆದ ಬಯಲು ಚೋಂಗ್ ಎಕ್; ಇವೆರಡೂ 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ದೊಡ್ಡವರು ಆಡಿಯೊ ಗೈಡ್ ಪಡೆದು, ಮಾತಿಲ್ಲದೆ, ಸೆಲ್ಫಿಯಿಲ್ಲದೆ ನೋಡಬೇಕು. ಆ ದಿನ ಬೇರೇನನ್ನೂ ಯೋಜಿಸಬೇಡಿ. ಟುಕ್‌ಟುಕ್ ಓಡಿಸುವ ಐವತ್ತು ದಾಟಿದ ಪ್ರತಿಯೊಬ್ಬರೂ ಆ ವರ್ಷಗಳನ್ನು ಅಥವಾ ಅವುಗಳ ಬೆನ್ನಿಗೇ ಬಂದ ಹಸಿವನ್ನು ಕಂಡವರೇ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ.

ನಾಮ್ ಪೆನ್‌ನಿಂದಲೇ ಮರಳುವವರು ವಿಮಾನ ಟಿಕೆಟ್‌ನಲ್ಲಿ ನಿಲ್ದಾಣದ ಹೆಸರನ್ನು ನೋಡಿಕೊಳ್ಳಿ: 2025ರ ಸೆಪ್ಟೆಂಬರ್‌ನಿಂದ ವಿಮಾನಗಳು ನಗರದ ದಕ್ಷಿಣಕ್ಕಿರುವ ಹೊಸ ತೇಚೊ ನಿಲ್ದಾಣದಿಂದ ಹೊರಡುತ್ತವೆ, ಹಳೆಯ ನಕ್ಷೆಗಳಲ್ಲಿ ಇನ್ನೂ ಹಳೆಯ ನಿಲ್ದಾಣವೇ ಇರಬಹುದು. ಸಂಜೆಯ ಸಂಚಾರ ದಟ್ಟಣೆಯಲ್ಲಿ ಒಂದು ತಾಸಿಗಿಂತ ಹೆಚ್ಚು ಹಿಡಿಯಬಹುದಾದ್ದರಿಂದ, ವಿಮಾನದ ಸಮಯಕ್ಕೆ ನಾಲ್ಕು ತಾಸು ಮುಂಚೆಯೇ ಹೋಟೆಲ್ ಬಿಡಿ.